ಸಿದ್ದಮ್ಮನ ಸಾಲು

ಬುಧವಾರ ಮಧ್ಯಾಹ್ನ ತರೀಕೆರೆಯ ಶಿಬಿರದಲ್ಲಿ ಕೊನೆಯ ರೋಗಿಯ ಕಣ್ಣಿನ ಅಳತೆ ತೆಗೆದು, ಅಂಕಿಗಳನ್ನು ಲ್ಯಾಪ್‌ಟಾಪಿಗೆ ತುಂಬಿ, ಸೇವ್ ಒತ್ತಿದೆ. ಸೇವ್ ಆಯಿತು. ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದು, ಪಟ್ಟಿ ತೆಗೆಯೋಣವೆಂದು ಆ್ಯಪ್ ತೆರೆದರೆ ಪರದೆ ಬೆಳ್ಳಗೆ ಕೂತಿತ್ತು. ಮುಚ್ಚಿ ತೆರೆದೆ, ಬೆಳ್ಳಗೆ. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿದೆ, ಬೆಳ್ಳಗೆ. ಸೋಮವಾರ ಕಡೂರಿನಲ್ಲಿ, ಮಂಗಳವಾರ ಅಜ್ಜಂಪುರದಲ್ಲಿ ಬಳಸಿದ್ದ ಇನ್ನೆರಡು ಲ್ಯಾಪ್‌ಟಾಪುಗಳೂ ಮಾತಾಡಿಕೊಂಡವರಂತೆ ಅದನ್ನೇ ಮಾಡಿದವು. ಅದೇನೋ ಅಪ್‌ಡೇಟ್ ಆಗಿತ್ತಂತೆ. ಆ್ಯಪ್ ಬರೆದುಕೊಟ್ಟ ಮಹಾನುಭಾವರು ಕೆಲಸ ಬಿಟ್ಟು ಒಂದು ವರ್ಷವಾಗಿತ್ತು, ಅವರ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ.

ನಾನು ನೇತ್ರ ಸಹಾಯಕ. ಊರೂರಲ್ಲಿ ಶಿಬಿರ ಹಾಕಿ, ಕಣ್ಣಿಗೆ ಪೊರೆ ಬಂದವರನ್ನು ಗುರುತಿಸಿ, ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಆಪರೇಷನ್ ಮಾಡಿಸಿ ವಾಪಸ್ ಮನೆ ಮುಟ್ಟಿಸುವುದು ನಮ್ಮ ಸಂಸ್ಥೆಯ ಕೆಲಸ. ಕೇಳಲು ಸುಲಭ. ಆದರೆ ಪೊರೆ ತೆಗೆದ ಜಾಗಕ್ಕೆ ಒಂದು ಲೆನ್ಸ್ ಕೂರಿಸಬೇಕು, ಅದರ ಪವರ್ ಒಬ್ಬೊಬ್ಬರಿಗೂ ಬೇರೆ. ಯಂತ್ರವಿಟ್ಟು ಕಣ್ಣಿನ ಉದ್ದ, ಗುಡ್ಡೆಯ ಬಾಗು ಎಲ್ಲ ಅಳೆದು ಆ ಪವರ್ ಕಂಡುಹಿಡಿಯುತ್ತೇವೆ. ನಾನು ಕಳಿಸುವ ಪಟ್ಟಿ ನೋಡಿಕೊಂಡು ಡಾಕ್ಟರ್ ನಗರದ ಸ್ಟೋರಿನಿಂದ ಅಷ್ಟೇ ಲೆನ್ಸ್ ತರಿಸುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಲೆನ್ಸ್ ಇಲ್ಲ. ಈ ಸಲ ಬಸ್ಸುಗಳು ಶನಿವಾರ ಬೆಳಿಗ್ಗೆ ಕಡೂರಿನಿಂದ ಹೊರಡಬೇಕಿತ್ತು, ಲೆನ್ಸಿನ ಲೆಕ್ಕ ಮುಗಿಯುವುದು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ಆಮೇಲಿನ ಸುತ್ತು ಆರು ತಿಂಗಳ ನಂತರ. ಮೂರು ತಾಲ್ಲೂಕಿನ ಇನ್ನೂರಕ್ಕೂ ಹೆಚ್ಚು ಕಣ್ಣುಗಳ ಅಂಕಿ ಮೂರು ಬಿಳಿ ಪರದೆಗಳ ಹಿಂದೆ ಸಿಕ್ಕಿಕೊಂಡಿತ್ತು.

ಬೀರೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ನಮ್ಮ ಶಿಬಿರದ ಕರಪತ್ರಗಳೆಲ್ಲ ಅಲ್ಲೇ ಟೈಪಾಗುವುದು. ನಡೆಸುವ ಹೆಂಗಸಿಗೆ ನನ್ನಷ್ಟೇ ವಯಸ್ಸಿರಬಹುದು, ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಅರ್ಜಿ ಟೈಪು, ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್ ಅವರ ಕಸುಬು. ಗುರುವಾರ ಬೆಳಿಗ್ಗೆ ಮೂರು ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೆ ಹೋದದ್ದು ಅವರು ಸರಿಮಾಡುತ್ತಾರೆಂಬ ನಂಬಿಕೆಯಿಂದಲ್ಲ, ಯಾರಾದರೂ ಮೆಕ್ಯಾನಿಕ್ ಗೊತ್ತಿದ್ದಾರಾ ಎಂದು ಕೇಳಲಿಕ್ಕೆ. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಡೇಟಾ ಎಲ್ಲಾ ಹೋಯ್ತು ಮೇಡಂ," ಅಂದೆ.

"ಯಾರಂದ್ರು ಹೋಯ್ತು ಅಂತ? ಆ್ಯಪ್ ಅನ್ನೋದು ಬಾಗ್ಲು ಕಣ್ರೀ. ಬಾಗ್ಲು ತುಕ್ಕಿಡಿದ್ರೆ ಮನೆ ಬಿದ್ದೋಯ್ತು ಅಂತೀರಾ? ಕೊಡಿ ಇಲ್ಲಿ."

ಅವರು ಕಡೂರಿನ ಲ್ಯಾಪ್‌ಟಾಪ್ ತಿರುಗಿಸಿಕೊಂಡು, ಫೋಲ್ಡರಿನೊಳಗೆ ಫೋಲ್ಡರ್ ತೆರೆಯುತ್ತ ಹೋಗಿ ಒಂದು ಫೈಲಿನ ಮೇಲೆ ಬೆರಳಿಟ್ಟರು. ಒಂದೇ ಒಂದು ಫೈಲು. ಒಂದು ಮದುವೆ ಫೋಟೊದಷ್ಟೂ ತೂಕವಿರಲಿಲ್ಲ. ಆಮೇಲೆ ತಮ್ಮ ಪೆನ್‌ಡ್ರೈವಿನಿಂದ ಇನ್ನೊಂದು ಪುಟ್ಟ ಪ್ರೋಗ್ರಾಂ ಹಾಕಿಕೊಂಡು ಒಂದು ಕಪ್ಪು ಕಿಟಕಿ ತೆರೆದರು. ಬಟನ್ ಇಲ್ಲ, ಬಣ್ಣ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಎಸ್‌ಕ್ಯುಲೈಟ್ ಅಂತ ಹೆಸರಂತೆ. ಮೇಡಂ ಒಂದು ಚುಕ್ಕಿ ಹಾಕಿ ‘ಟೇಬಲ್ಸ್’ ಎಂದು ಹೊಡೆದು ಎಂಟರ್ ಒತ್ತಿದರು. ಒಂದೇ ಪದ ಬಂತು, ನಮ್ಮ ಆ್ಯಪಿನ ರೋಗಿಗಳ ಕೋಷ್ಟಕದ ಹೆಸರು. ಇನ್ನೊಂದು ಸಾಲು ಹೊಡೆದರು. ಕಡೂರಿನ ಶಿಬಿರದ ಜನರೆಲ್ಲ ಮೇಲಿಂದ ಕೆಳಕ್ಕೆ ಸರಸರನೆ ಇಳಿದು ಬಂದರು. ಕಣ್ಣು ಎಡವೋ ಬಲವೋ, ಸಕ್ಕರೆ, ಬಿಪಿ, ಲೆನ್ಸ್ ಪವರ್, ಎಲ್ಲ ಇದ್ದಲ್ಲೇ ಇತ್ತು. ನಾನು ಅಲ್ಲೇ ಸ್ಟೂಲೆಳೆದು ಕೂತೆ.

ಈ ವಿದ್ಯೆ ಅವರಿಗೆಲ್ಲಿ ಬಂತೆಂದು ಕೇಳಿದೆ. ತಮ್ಮ ಅಂಗಡಿಗೆ ಫೋಟೊ ತೆಗೆಸಲು ಬಂದವರನ್ನೆಲ್ಲ ಅವರು ಹೀಗೇ ಒಂದು ಫೈಲಿನಲ್ಲಿ ಇಟ್ಟಿದ್ದರು. "ನಾಲ್ಕ್ ವರ್ಷದ ಹಿಂದೆ ತೆಗಿಸ್ದೆ, ಅದೇ ಫೋಟೊ ಬೇಕು," ಎಂದು ಯಾರಾದರೂ ಬಂದರೆ ಒಂದು ಸಾಲು ಟೈಪು ಮಾಡಿ ತೆಗೆದುಕೊಡುತ್ತಾರೆ. ಯಾರೂ ಕಲಿಸಿದ್ದಲ್ಲ. ಹಳೆಯ ಫೋಟೊ ಹುಡುಕಿ ಸಾಕಾಗಿ, ಓದಿಕೊಂಡು ಕಲಿತದ್ದು. ಒಳಗಿನಿಂದ ಅವರ ತಾಯಿ ದಖ್ಖನಿ ಉರ್ದುವಿನಲ್ಲಿ ತಿಂಡಿಗೆ ಕರೆಯುತ್ತಲೇ ಇದ್ದರು, ಇವರು "ಆತೂಂ ಅಮ್ಮೀ", ಬಂದೆ ಅಮ್ಮಾ, ಅನ್ನುತ್ತಲೇ ಇದ್ದರು, ಹೋಗಲಿಲ್ಲ. ನನಗೆ ಕಲಿಸುವುದು ಮುಗಿಯುವ ತನಕ ಏಳಲಿಲ್ಲ.

ಕಲಿಸಿದ ಕ್ರಮವೂ ಚೆನ್ನಾಗಿತ್ತು. ಮೊದಲು ಬ್ಯಾಕಪ್. ಆಮೇಲೆ ಅಜ್ಜಂಪುರ, ತರೀಕೆರೆಯ ಫೈಲುಗಳನ್ನು ಕಡೂರಿನದಕ್ಕೆ ಜೋಡಿಸಿ, ಅವುಗಳ ಸಾಲುಗಳನ್ನು ಇದರೊಳಕ್ಕೆ ಸೇರಿಸುವುದು. ಏನನ್ನಾದರೂ ಅಳಿಸಬೇಕಾದರೆ ಮೊದಲು ‘ಬಿಗಿನ್’ ಅನ್ನಬೇಕು, ಆಮೇಲೆ ಅಳಿಸಬೇಕು, ನೋಡಬೇಕು. ಸರಿಯಿದ್ದರೆ ‘ಕಮಿಟ್’. ಸರಿಯಿಲ್ಲದಿದ್ದರೆ ‘ರೋಲ್‌ಬ್ಯಾಕ್’ ಅಂದರಾಯಿತು, ಏನೂ ಆಗಲೇ ಇಲ್ಲವೆಂಬಂತೆ ಎಲ್ಲ ಹಿಂದಕ್ಕೆ ಬರುತ್ತದೆ.

"ಆದ್ರೆ ಒಂದ್ಮಾತು," ಅಂದರು. "ಇದು ‘ಖಂಡಿತಾನಾ?’ ಅಂತ ಕೇಳಲ್ಲ. ನೀವು ಹೇಳಿದ್ದನ್ನ ಮಾಡ್ಬುಡುತ್ತೆ. ಕಮಿಟ್ ಹೊಡಿಯೋಕ್ ಮುಂಚೆ ಏನೇನ್ ಹೋಯ್ತು ಅಂತ ಕಣ್ಣಲ್ಲಿ ನೋಡಿ."

"ಕಣ್ಣಿನ ಕೆಲಸ ಮಾಡೋನಿಗೆ ಹೇಳ್ತೀರಾ ಮೇಡಂ," ಎಂದು ನಕ್ಕೆ.

ಮಧ್ಯಾಹ್ನ ಕಡೂರಿಗೆ ಬಂದು, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನಮಗೆ ಬಿಟ್ಟುಕೊಟ್ಟಿದ್ದ ಕೋಣೆಯಲ್ಲಿ ಒಬ್ಬನೇ ಕೂತೆ. ಹೊಸ ವಿದ್ಯೆ ಕೈಗೆ ಬಂದವನ ಉತ್ಸಾಹ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಒಂದು ಸಾಲು ಹೊಡೆದರೆ ಬಲಗಣ್ಣಿನವರೆಲ್ಲ ಒಂದು ಕಡೆ, ಇನ್ನೊಂದು ಹೊಡೆದರೆ ಸಕ್ಕರೆ ಜಾಸ್ತಿಯಿರುವವರೆಲ್ಲ ಇನ್ನೊಂದು ಕಡೆ. ಆ್ಯಪಿನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ನಾನು ಕೈ ಎತ್ತುವುದರೊಳಗೆ ಆಗುತ್ತಿತ್ತು. ಒಂದೇ ತೊಡಕು: ಕಪ್ಪು ಕಿಟಕಿಗೆ ಕನ್ನಡ ಅಕ್ಷರ ತೋರಿಸಲು ಬರುತ್ತಿರಲಿಲ್ಲ. ಹೆಸರು, ಊರು ಇರಬೇಕಾದ ಕಡೆ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಒಳಗೆ ಹೆಸರು ಸರಿಯಾಗಿಯೇ ಇರುತ್ತದೆ, ಹೋಲಿಸಿ ನೋಡಲು ತೊಂದರೆಯಿಲ್ಲ, ಫೈಲಿಗೆ ಇಳಿಸಿ ನೋಡಿದರೆ ಕನ್ನಡ ಕಾಣುತ್ತದೆ ಎಂದು ಮೇಡಂ ಹೇಳಿದ್ದರು. ಇಳಿಸುವ ವ್ಯವಧಾನ ನನಗಿರಲಿಲ್ಲ.

ಪಟ್ಟಿಯಲ್ಲಿ ಎರಡೆರಡು ಸಲ ಬಂದವರನ್ನು ತೆಗೆಯಬೇಕಿತ್ತು. ಇದು ಪ್ರತಿ ಸಲದ ಗೋಳು. ಶಿವನಿಯವರು ಅಜ್ಜಂಪುರದಲ್ಲಿ ಹೆಸರು ಬರೆಸಿ, ಅಲ್ಲಿ ಬಿಪಿ ಜಾಸ್ತಿ ಅಂದರೆಂದು ತರೀಕೆರೆಗೂ ಬಂದು ಬರೆಸುತ್ತಾರೆ. ಎರಡು ಚೀಟಿ ಇದ್ದರೆ ಸೀಟು ಗ್ಯಾರಂಟಿ ಎಂದು ನಂಬಿದವರೂ ಇದ್ದಾರೆ. ಆಧಾರ್ ನಂಬರಿಗೊಂದು ಕಾಲಂ ಇತ್ತು, ಅರ್ಧಕ್ಕರ್ಧ ಖಾಲಿ. ಹಾಗಾಗಿ ನಾನೊಂದು ನಿಯಮ ಕಟ್ಟಿದೆ: ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಫೋನ್ ನಂಬರು, ಈ ನಾಲ್ಕೂ ಒಂದೇ ಇದ್ದರೆ ಅದು ಒಬ್ಬರೇ. ಮೊದಲು ಬಂದ ಸಾಲು ಇರಲಿ, ಆಮೇಲಿನದು ಹೋಗಲಿ. ವಯಸ್ಸನ್ನು ನಿಯಮಕ್ಕೆ ಸೇರಿಸಲಿಲ್ಲ, ನಮ್ಮ ಕಡೆ ಯಾರೂ ಎರಡು ಸಲ ಒಂದೇ ವಯಸ್ಸು ಹೇಳುವುದಿಲ್ಲ. ಎಡಗಣ್ಣು, ಬಲಗಣ್ಣನ್ನೂ ಸೇರಿಸಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದವರು ಒಂದು ಕಣ್ಣನ್ನು ಒಂದು ಸಲ, ಇನ್ನೊಂದನ್ನು ಇನ್ನೊಂದು ಸಲ ಬರೆಸುವುದುಂಟು.

ಬಿಗಿನ್ ಹೊಡೆದೆ. ಹನ್ನೊಂದು ಸಾಲುಗಳು ಸಿಕ್ಕವು. ಮೇಡಂ ಹೇಳಿದಂತೆ ನೋಡಿದೆ, ನೋಡಲಿಲ್ಲ ಅನ್ನುವಂತಿಲ್ಲ. ಚೌಕಗಳ ಕೆಳಗೆ ಚೌಕ, ಪಕ್ಕದಲ್ಲಿ ಫೋನ್ ನಂಬರು. ಷರಾ ಎಂಬ ಕಾಲಂ ಸೇರಿಸಿದರೆ ಸಾಲು ಎರಡಾಗಿ ಮುರಿದು ಅಸಹ್ಯವಾಗಿ ಕಾಣುತ್ತಿತ್ತು, ಹಾಗಾಗಿ ಅದನ್ನು ಬಿಟ್ಟೆ. ಹನ್ನೊಂದೂ ಅಂದವಾಗಿ ಒಂದರ ಕೆಳಗೊಂದು ನಿಂತವು. ಅಳಿಸಿ, ಕಮಿಟ್ ಹೊಡೆದೆ. ಆಮೇಲೆ ಒಳ್ಳೆಯ ಶಿಷ್ಯನಂತೆ ಇನ್ನೊಂದು ಬ್ಯಾಕಪ್ಪನ್ನೂ ತೆಗೆದೆ. ಪಟ್ಟಿ ಡಾಕ್ಟರಿಗೆ ಹೋಯಿತು. ಖಾಲಿಯಾದ ಜಾಗಕ್ಕೆ ಕಾಯುತ್ತಿದ್ದವರನ್ನು ಸೇರಿಸಿ ಡಾಕ್ಟರ್ ಲೆನ್ಸಿಗೆ ಬರೆದರು. ಅಳತೆಯ ಯಂತ್ರ ಅವತ್ತೇ ಜೀಪಿನಲ್ಲಿ ಆಪರೇಷನ್ ನಡೆಯುವ ಆಸ್ಪತ್ರೆಗೆ ವಾಪಸ್ ಹೊರಟಿತು.

ಶುಕ್ರವಾರ ಬೆಳಿಗ್ಗೆ ಹೊರಡುವವರನ್ನೆಲ್ಲ ಕಡೂರಿಗೆ ಕರೆಸಿ ಬಿಪಿ, ಸಕ್ಕರೆ ಇನ್ನೊಮ್ಮೆ ನೋಡುತ್ತಿದ್ದೆವು. ಹತ್ತು ಗಂಟೆ ಸುಮಾರಿಗೆ ಇಬ್ಬರು ಹೆಂಗಸರು ಕೈ ಕೈ ಹಿಡಿದುಕೊಂಡು ಬಂದರು. ಇಬ್ಬರಿಗೂ ಅರುವತ್ತರ ಆಸುಪಾಸು. ದೇವನೂರಿನ ಹತ್ತಿರದ ಹಳ್ಳಿ.

"ಹೆಸರು?"

"ಸಿದ್ದಮ್ಮ."

ಪಟ್ಟಿಯಲ್ಲಿತ್ತು. ಎಡಗಣ್ಣು. ಗುರುತು ಹಾಕಿದೆ. "ನಿಮ್ಮದು?"

"ನಂದೂ ಸಿದ್ದಮ್ಮಾನೆ ಕಣಪ್ಪ."

ಒಂದೇ ಮನೆಯ ಇಬ್ಬರು ಸೊಸೆಯಂದಿರು, ವಾರಗಿತ್ತಿಯರು. ಊರಿನಲ್ಲಿ ದೊಡ್ಡ ಸಿದ್ದಮ್ಮ, ಚಿಕ್ಕ ಸಿದ್ದಮ್ಮ. ಚೀಟಿ ಬರೆಸುವಾಗ ಇಬ್ಬರೂ ಬರೀ ಸಿದ್ದಮ್ಮ. ನನ್ನ ಪಟ್ಟಿಯಲ್ಲಿ ಒಬ್ಬರೇ ಇದ್ದರು. ಚಿಕ್ಕ ಸಿದ್ದಮ್ಮ ಚೀಟಿ ಕೊಟ್ಟರು. ನನ್ನದೇ ಅಕ್ಷರ, ಕ್ರಮಸಂಖ್ಯೆ ಇತ್ತು, ಬಲಗಣ್ಣು ಎಂದಿತ್ತು. ಕಪ್ಪು ಕಿಟಕಿ ತೆರೆದು ಆ ಸಂಖ್ಯೆ ಕೇಳಿದೆ. ಇದೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಬಂದು ಗೆರೆ ಮಿಣುಕಿಸುತ್ತ ನಿಂತಿತು.

"ನಿಮ್ಮ ಗಂಡನ ಹೆಸರೇನಮ್ಮ?" ಎಂದು ಚಿಕ್ಕ ಸಿದ್ದಮ್ಮನನ್ನು ಕೇಳಿದೆ.

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡಿದರು. ದೊಡ್ಡ ಸಿದ್ದಮ್ಮನೇ ಆಕೆಯ ಪರವಾಗಿ ಬಾಯಿಬಿಟ್ಟರು. "ಪರಮೇಶಪ್ಪ ಅಂತ. ನನ್ ಮೈದುನ."

"ಮತ್ತೆ ಚೀಟಿಯಲ್ಲಿ ಓಂಕಾರಪ್ಪ ಅಂತ ಬರೆಸಿದ್ದೀರಲ್ಲಾ?"

"ನಾನೆಲ್ಲಿ ಹೇಳ್ದೆ?" ಅಂದರು ಚಿಕ್ಕವರು. "ನೀವು ಗಂಡನೆಸ್ರು ಕೇಳಿದ್ರಿ, ನಾನು ಸುಮ್ಕೆ ನಿಂತಿದ್ದೆ. ಹಿಂದಿದ್ದೋರು ಯಾರೋ, ಓಂಕಾರಪ್ಪನ ಮನೆಯೋರು ಬರ್ಕಳಿ ಅಂದ್ರು. ಅವ್ರು ನಮ್ ಭಾವ, ಮನೆ ಯಜಮಾನ್ರು. ನೀವು ಬರ್ಕಂಡ್ರಿ."

ದೊಡ್ಡ ಸಿದ್ದಮ್ಮನೂ ಗಂಡನ ಹೆಸರು ಹೇಳಿರಲಿಲ್ಲ. ಅವರು ಸೋಮವಾರ ಬೆಳಿಗ್ಗೆ ಶಿಬಿರಕ್ಕೆ ಬಂದಿದ್ದರು, ಇವರು ಮನೆ ಕೆಲಸ ಮುಗಿಸಿ ಮಧ್ಯಾಹ್ನ. ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ನಮ್ಮಜ್ಜಿಯೂ ಹೇಳುತ್ತಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಹೇಳಿದ್ದನ್ನು ನೂರಾರು ಸಲ ಬರೆದುಕೊಂಡಿದ್ದೇನೆ. ಆದರೂ ನಾಲ್ಕು ಕಾಲಂ ಕೂಡಿದರೆ ಮನುಷ್ಯ ಒಬ್ಬನೇ ಎಂದು ನಿಯಮ ಮಾಡುವಾಗ ಅದು ತಲೆಗೆ ಬರಲೇ ಇಲ್ಲ. ಯಜಮಾನನ ಹೆಸರು, ಮನೆಗೊಂದೇ ಫೋನು, ಒಂದೇ ಊರು. ನನ್ನ ಜಾಣತನಕ್ಕೆ ಇಬ್ಬರು ಸಿದ್ದಮ್ಮಂದಿರು ಒಬ್ಬರಾಗಿದ್ದರು.

ಟಾರ್ಚ್ ಹಿಡಿದು ಚಿಕ್ಕ ಸಿದ್ದಮ್ಮನ ಕಣ್ಣು ನೋಡಿದೆ. ಎಡಗಣ್ಣು ಯಾವತ್ತೋ ಹೋಗಿತ್ತು. ಚಿಕ್ಕಂದಿನಲ್ಲಿ ಜಾಲಿಮುಳ್ಳು ಚುಚ್ಚಿತ್ತಂತೆ. ಇದ್ದದ್ದು ಬಲಗಣ್ಣೊಂದು, ಅದರ ತುಂಬ ಪೊರೆ. ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ಹೇಳುತ್ತಿದ್ದರು, ನನ್ನ ಕೈಯಲ್ಲಿ ಎಷ್ಟು ಬೆರಳಿದೆಯೆಂದು ಹೇಳಲಾಗುತ್ತಿರಲಿಲ್ಲ. ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲಿರಬೇಕಾದವರನ್ನು ನಾನು ಹುಡುಕಿ ಹುಡುಕಿ ಅಳಿಸಿದ್ದೆ.

ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

"ನಿಮ್ಮ ತಪ್ಪಿನ ವಿಷಯ ಆಮೇಲೆ ಮಾತಾಡೋಣ," ಅಂದರು. "ಪವರ್ ಎಷ್ಟು?"

"ಅಳಿಸಿರೋ ಸಾಲಲ್ಲೇ ಇತ್ತು ಡಾಕ್ಟ್ರೇ."

"ಹನ್ನೆರಡರೊಳಗೆ ನಂಬರ್ ಕೊಡಿ. ಅದು, ಅದರ ಹಿಂದಿನದು, ಮುಂದಿನದು, ಮೂರು ಲೆನ್ಸ್ ತರಿಸ್ತೀನಿ, ಇಲ್ಲಿ ಇನ್ನೊಂದು ಸಲ ಅಳೆದು ಹಾಕ್ತೀನಿ. ನಂಬರ್ ಇಲ್ಲದೆ ಏನಂತ ತರಿಸಲಿ? ಇನ್ನೊಂದು ವಿಷಯ, ಆಪರೇಷನ್ ಟೇಬಲ್ ತುಂಬಿದೆ. ಒಬ್ಬರನ್ನ ಸೇರಿಸಬೇಕಾದ್ರೆ ಒಬ್ಬರನ್ನ ಬಿಡಬೇಕು."

ಸ್ಪೀಕರ್ ಹಾಕಿದ್ದೆ, ಇಬ್ಬರು ಸಿದ್ದಮ್ಮಂದಿರಿಗೂ ಕೇಳಿಸಿತ್ತು. ದೊಡ್ಡ ಸಿದ್ದಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಂದು ತೆಗೀರಿ. ನಂಗೆ ಇನ್ನೊಂದು ಕಣ್ಣೈತೆ."

"ಬ್ಯಾಡ ಕಣಕ್ಕ," ಅಂದರು ಚಿಕ್ಕವರು.

"ನೀನ್ ಸುಮ್ಕಿರು. ನಂದು ಅಂಥಾದ್ದೇನಾಗಿಲ್ಲ. ಒಂಚೂರು ಮಬ್ಬು, ಅಷ್ಟೆಯಾ."

ಸೀಟು ಸಿಕ್ಕಿತು. ಆದರೆ ದೊಡ್ಡ ಸಿದ್ದಮ್ಮನ ಲೆನ್ಸ್ ಚಿಕ್ಕವರ ಕಣ್ಣಿಗೆ ಆಗುವುದಿಲ್ಲ. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯದಿಂದ ತೆರೆದೆ. ಅಲ್ಲೂ ಆ ಸಾಲಿರಲಿಲ್ಲ. ಎರಡು ಸಲವೂ ಒಂದೇ ಹೆಸರಿಗೆ ಬ್ಯಾಕಪ್ ಮಾಡಿದ್ದೆ, ಎರಡನೆಯದು ಮೊದಲನೆಯದನ್ನು ನುಂಗಿ ಕೂತಿತ್ತು. ಉಳಿದ ಹತ್ತು ಸಾಲುಗಳೇನೋ ಅಜ್ಜಂಪುರ, ತರೀಕೆರೆಯ ಲ್ಯಾಪ್‌ಟಾಪುಗಳಲ್ಲಿ ಹಾಗೇ ಇದ್ದವು. ಆ ಹತ್ತೂ ಮನೆಗೆ ಆಮೇಲೆ ಫೋನ್ ಮಾಡಿ ಕೇಳಿದೆ, ನಿಜಕ್ಕೂ ಎರಡು ಸಲ ಬರೆಸಿದವರೇ. ಕಡೂರಿನ ಫೈಲಿನಲ್ಲಿ ಮಾತ್ರ ಇದ್ದ ಸಾಲೆಂದರೆ ಚಿಕ್ಕ ಸಿದ್ದಮ್ಮನದೊಂದೇ.

ಆಗ ಒಂದು ಕೆಟ್ಟ ಯೋಚನೆ ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆಯ ಬಹಳ ಕಣ್ಣುಗಳಿಗೆ ಇಪ್ಪತ್ತೆರಡರ ಆಸುಪಾಸಿನ ಪವರ್ ಬರುತ್ತದೆ. ಇಪ್ಪತ್ತೆರಡು ಎಂದು ಹೇಳಿಬಿಟ್ಟರೆ ಕೆಲಸ ಮುಂದಕ್ಕೆ ಹೋಗುತ್ತದೆ, ಹೊಂದಿದರೂ ಹೊಂದೀತು. ಹೊಸ ಸಾಲೊಂದನ್ನು ಟೈಪು ಮಾಡಲು ಶುರುಮಾಡಿಯೂ ಬಿಟ್ಟೆ. ಹೆಸರು, ಗಂಡನ ಹೆಸರು ಈ ಸಲ ಸರಿಯಾಗಿ, ಊರು, ಬಲಗಣ್ಣು. ಪವರ್ ಬಂದಲ್ಲಿ ಕೈ ನಿಂತಿತು. ಹೊಂದದಿದ್ದರೆ ಆಕೆ ಅಷ್ಟು ದೂರ ಹೋಗಿ ಹಾಗೆಯೇ ಬರಬೇಕು. ಅಂದಾಜು ಬೇಡ ಎಂದು ನಿರ್ಧರಿಸಿದೆ. ಪವರ್ ಖಾಲಿ ಬಿಟ್ಟು ಸಾಲು ಸೇರಿಸಿಡುವುದು ಹೇಗೆಂದು ಕೇಳಲು ಬೀರೂರಿನ ಮೇಡಂಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ.

"ಎಂಟರ್ ಹೊಡೆದ್ರಾ?" ಅಂದರು, ಕೂಗಿದಂತೆ.

"ಇಲ್ಲ."

"ಹೊಡೀಬೇಡಿ. ಏನೂ ಸೇರಿಸ್ಬೇಡಿ. ಮುಚ್ಚಿ, ಹಂಗೇ ಎತ್ಕೊಂಡು ಬನ್ನಿ. ಅಳಿಸಿದ್ದು ಅಂದ್ರೆ ಅದು ಸುಟ್ಟಾಕಲ್ಲ ಕಣ್ರೀ. ಮನೆ ಖಾಲಿ ಐತೆ ಅಂತ ಬೋರ್ಡ್ ತಗಲಾಕ್ತದೆ, ಅಷ್ಟೆ. ಒಳಗೆ ಹಳೇ ಸಾಮಾನು ಹಂಗೇ ಇರುತ್ತೆ. ನೀವು ಹೊಸಾ ಸಾಲು ಹಾಕಿದ್ರೆ ಸೀದಾ ಹೋಗಿ ಅದೇ ಮನೆ ಸೇರ್ಕಂಡ್ರೂ ಸೇರ್ಕಂತು."

ಸಿದ್ದಮ್ಮಂದಿರನ್ನು ಬೆಂಚಿನ ಮೇಲೆ ಕೂರಿಸಿ ಬೈಕ್ ಹತ್ತಿದೆ. ಕಡೂರಿನಿಂದ ಬೀರೂರು ಎಷ್ಟು ದೂರ, ದಿನಾ ಓಡಾಡುವ ದಾರಿ. ಅವತ್ತು ಮುಗಿಯಲೇ ಇಲ್ಲ.

ಹನ್ನೊಂದು ಗಂಟೆಯಾಗಿತ್ತು. ಮೇಡಂ ಅಂಗಡಿಗೆ ಬಂದಿದ್ದವರನ್ನು "ಒಂದ್ಗಂಟೆ ಬಿಟ್ಟು ಬನ್ನಿ, ಕಣ್ಣಿನ ವಿಷ್ಯ" ಎಂದು ಕಳಿಸಿ, ಫೈಲಿನ ಎರಡು ಪ್ರತಿ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು. ಹೆಸರಿಡುವಾಗ ನನ್ನ ಕಡೆಗೊಂದು ನೋಟ ಬಂತು. ಅದೇ ಉಪಕರಣದಲ್ಲಿ ‘ರಿಕವರ್’ ಎಂಬ ಆಜ್ಞೆಯೊಂದಿದೆ, ಕೆಟ್ಟ ಫೈಲಿನಿಂದ ಸಿಕ್ಕಷ್ಟನ್ನು ಹೆಕ್ಕಿ ಕೊಡುತ್ತದೆ. ಅದನ್ನು ಓಡಿಸಿದರು. ಬದುಕಿದ್ದ ಸಾಲುಗಳೆಲ್ಲ ಬಂದವು. ಕಳೆದುಹೋದವನ್ನು ಇಡುವ ಕೋಷ್ಟಕ ಖಾಲಿ.

"ಇದು ಇಡೀ ಪುಟ ಖಾಲಿ ಆಗಿದ್ರೆ ಹುಡ್ಕುತ್ತೆ. ಪುಟದ ಮಧ್ಯ ಒಂದ್ಸಾಲು ಹೋಗಿದ್ರೆ ಇದಕ್ಕೆ ಕಾಣ್ಸಲ್ಲ," ಎಂದು ಮೇಡಂ ತಮಗೆ ತಾವೇ ಹೇಳಿಕೊಂಡರು. "ಇರ್ಲಿ. ಸಾಲು ಒಟ್ಟುಗೂಡಿಸಿ ಫೈಲು ಸಣ್ಣದು ಮಾಡೋ ಆಜ್ಞೆ ಐತಲ್ಲ, ವ್ಯಾಕ್ಯೂಮ್, ಅದೇನಾದ್ರೂ ಹೊಡೆದ್ರಾ?"

"ಅದನ್ನ ನೀವು ಹೇಳಿಕೊಡಲಿಲ್ಲ ಮೇಡಂ."

"ಒಳ್ಳೇದಾಯ್ತು."

ಇನ್ನೊಂದು ಪ್ರತಿಯನ್ನು ಅವರು ಕಚ್ಚಾ ರೂಪದಲ್ಲೇ ತೆರೆದರು. ಕೋಷ್ಟಕವಿಲ್ಲ, ಸಾಲಿಲ್ಲ, ಡಿಸ್ಕಿನ ಮೇಲೆ ಬಿದ್ದಿರುವ ಅಕ್ಷರ, ಅಂಕಿ, ಕಸ ಎಲ್ಲ ಬೆರೆತ ರಾಶಿ. ಅದರೊಳಗೆ ಓಂಕಾರಪ್ಪನವರ ಮನೆಯ ಫೋನ್ ನಂಬರು ಹುಡುಕಲು ಕೊಟ್ಟರು. ಒಂದು ಕಡೆ ಸಿಕ್ಕಿತು, ಮುಂದೆ ಎಡಗಣ್ಣಿನ ಗುರುತು. ದೊಡ್ಡ ಸಿದ್ದಮ್ಮನದು. ಮೇಡಂ ಅದನ್ನೇ ಮುಂದಕ್ಕೆ ಹುಡುಕಲು ಬಿಟ್ಟರು. ಇನ್ನೊಂದು ಕಡೆ ನಿಂತಿತು.

ಸಾಲಿನ ತಲೆ ಹೋಗಿತ್ತು. ಕ್ರಮಸಂಖ್ಯೆ ಇದ್ದ ಮೊದಲ ನಾಲ್ಕು ಅಕ್ಷರದಷ್ಟು ಜಾಗದಲ್ಲಿ ‘ಖಾಲಿ’ ಎಂಬ ಬೋರ್ಡು ಕೂತಿತ್ತು. ಆಮೇಲಿನದು ಒಂದೂ ಕದಲಿರಲಿಲ್ಲ. ಕನ್ನಡದ ಹೆಸರು ಕಸದಂತೆ ಕಂಡರೂ ಅಂಕಿಗಳು ನಿಚ್ಚಳ. ಫೋನ್ ನಂಬರು, ವಯಸ್ಸು, ಬಲಗಣ್ಣಿನ ಗುರುತು, ಗುಡ್ಡೆಯ ಬಾಗು, ಕಣ್ಣಿನ ಉದ್ದ, ಪವರ್ ಹತ್ತೊಂಬತ್ತೂವರೆ. ಆ್ಯಪ್ ಬರೆದ ಮಹಾನುಭಾವರು ಅಂಕಿಗಳನ್ನೂ ಅಕ್ಷರದಂತೆಯೇ ಇಟ್ಟಿದ್ದರು, ಅದು ದಡ್ಡ ಕೆಲಸವಂತೆ, ಆ ದಡ್ಡತನದಿಂದಲೇ ನಮಗೆ ಕಣ್ಣಲ್ಲಿ ಓದಲು ಸಿಕ್ಕಿತು. ಕೊನೆಯಲ್ಲಿ ಷರಾ. ನಾನೇ ಸೋಮವಾರ ಟೈಪು ಮಾಡಿದ್ದೆ: ಓನ್ಲಿ ಐ. ಇರುವುದೊಂದೇ ಕಣ್ಣು. ಸಾಲು ಅಂದವಾಗಿ ಕಾಣಲೆಂದು ನಾನು ಬಿಟ್ಟ ಕಾಲಂ ಅದೇ.

ಇಪ್ಪತ್ತೆರಡು ಎಂದಿದ್ದರೆ ಡಾಕ್ಟರ್ ತರಿಸುವ ಮೂರು ಲೆನ್ಸಿನಲ್ಲಿ ಒಂದೂ ಹೊಂದುತ್ತಿರಲಿಲ್ಲ. ಮೇಡಂ ಬೈಯಲೂ ಇಲ್ಲ, ಬೀಗಲೂ ಇಲ್ಲ. ಅಂಕಿಗಳನ್ನು ಒಂದು ಚೀಟಿಗೆ ಬರೆದು, ಪರದೆಯೊಂದಿಗೆ ಎರಡು ಸಲ ತಾಳೆ ನೋಡಿ ಕೈಗಿಟ್ಟರು. ಅಂಥ ಕೆಲಸಗಾರರನ್ನು ನಾನು ಬಹಳ ಕಂಡಿಲ್ಲ. ಒಂದೇ ಫೈಲಿನ ಪುಟ್ಟ ಉಪಕರಣ, ಹೇಳಿದ್ದನ್ನಷ್ಟೇ ಮಾಡುವ, ಮಾಡಿದ್ದನ್ನು ಮುಚ್ಚಿಡದ ಉಪಕರಣ, ಅದರ ಮೇಲೂ ಅವತ್ತು ಬಂದ ಗೌರವ ಇವತ್ತಿಗೂ ಇಳಿದಿಲ್ಲ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಡಾಕ್ಟರಿಗೆ ನಂಬರು ಹೇಳಿದೆ.

"ಇದನ್ನೇ ನಂಬಿ ಹಾಕಲ್ಲ," ಅಂದರು. "ಕರ್ಕೊಂಡು ಬನ್ನಿ, ಅಳೀತೀನಿ."

ಶನಿವಾರದ ಬಸ್ಸಿನಲ್ಲಿ ಚಿಕ್ಕ ಸಿದ್ದಮ್ಮ ಕಿಟಕಿಯ ಪಕ್ಕ, ಜೊತೆಗೆ ಬರುವವರ ಸೀಟಿನಲ್ಲಿ ದೊಡ್ಡ ಸಿದ್ದಮ್ಮ. ಬಸ್ಸು ಹೊರಡುವ ಮುಂಚೆಯೇ ಮುಂದಿನ ಸುತ್ತಿನ ಪಟ್ಟಿಯಲ್ಲಿ ಮೊದಲ ಹೆಸರಾಗಿ ದೊಡ್ಡ ಸಿದ್ದಮ್ಮನದನ್ನು ಸೇರಿಸಿದೆ, ಸೇರಿಸಿದ್ದನ್ನು ಫೈಲಿಗೆ ಇಳಿಸಿ ಕನ್ನಡದಲ್ಲೇ ಓದಿ ನೋಡಿದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದಂತೆ ಮತ್ತೆ ಅಳೆದರು. ನಾನು ಬಾಗಿಲಲ್ಲೇ ನಿಂತಿದ್ದೆ. ಹತ್ತೊಂಬತ್ತೂವರೆ. ಡಾಕ್ಟರ್ ತಲೆಯೆತ್ತದೆ ಸಿಸ್ಟರಿಗೆ ಅದೇ ಲೆನ್ಸ್ ತೆಗೆದಿಡಲು ಹೇಳಿದರು.

ಭಾನುವಾರ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚುವ ಸರದಿ. ಇಬ್ಬರು ಸಿದ್ದಮ್ಮಂದಿರೂ ಒಂದೇ ಮಂಚದ ಮೇಲೆ ಎದುರುಬದುರು ಕೂತಿದ್ದರು. ಡಾಕ್ಟರ್ ಪಟ್ಟಿ ಬಿಚ್ಚಿ, ರೆಪ್ಪೆ ಒರೆಸಿ, ಹಿಂದಕ್ಕೆ ಸರಿದು ಎರಡು ಬೆರಳೆತ್ತಿದರು.

"ಎಷ್ಟಮ್ಮಾ ಇದು?"

ಚಿಕ್ಕ ಸಿದ್ದಮ್ಮ ಆ ಕಡೆ ನೋಡಲೇ ಇಲ್ಲ. ಮುಂದಕ್ಕೆ ಬಾಗಿ, ದೊಡ್ಡ ಸಿದ್ದಮ್ಮನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

"ಅಕ್ಕಾ, ನಿನ್ ಎಡಗಣ್ಣು ಹಾಲು ಉಯ್ದಂಗೆ ಬೆಳ್ಳಗಾಗೈತಲ್ಲೇ. ಒಂಚೂರು ಮಬ್ಬು ಅಂದೆ. ಇಷ್ಟಿಟ್ಕಂಡು ನಂಗೆ ಸೀಟು ಬಿಟ್ಯಾ?"

ದೊಡ್ಡ ಸಿದ್ದಮ್ಮ ಗಲ್ಲ ಬಿಡಿಸಿಕೊಂಡು ಮುಖ ಆಚೆ ತಿರುಗಿಸಿದರು. "ಸುಮ್ಕಿರೇ. ಡಾಕ್ಟ್ರು ಬೆರ್ಳು ಎತ್ಕಂಡು ನಿಂತವ್ರೆ, ಎಣ್ಸು."